‘ಕರ್’ ಹಿಡಿದು ಊರು ಹುಡುಕುವುದು

ಕುಟುಂಬಗಳ ಹಳೆಯ ಬೇರು ಹುಡುಕಿಕೊಡುವುದು ನನ್ನ ಕೆಲಸ. ಈಚೆಗೆ ನನಗೆ ಜಾಸ್ತಿ ಪತ್ರ ಬರುವುದು ಇಸ್ರೇಲಿನಿಂದ. ಬರೆಯುವವರು ಬೆನೆ ಇಸ್ರೇಲ್ ಮನೆತನಗಳ ಮೊಮ್ಮಕ್ಕಳು. ಅಜ್ಜಿ ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದಳು, ಆದರೆ ನಮ್ಮ ಊರು ಯಾವುದು ಅಂತ ಯಾರೂ ಬರೆದಿಡಲಿಲ್ಲ ಅನ್ನುತ್ತಾರೆ.

ಬೆನೆ ಇಸ್ರೇಲ್ ಅಂದರೆ ಮಹಾರಾಷ್ಟ್ರದ ಕೊಂಕಣದ ಯಹೂದಿಗಳು. ನವಗಾಂವ್ ಹತ್ತಿರ ಹಡಗು ಒಡೆದು, ಏಳು ಗಂಡಸರು, ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು ಎಂಬುದು ಅವರ ಮನೆಗಳಲ್ಲಿ ನಡೆದು ಬಂದ ಕತೆ. ಆಮೇಲೆ ಸುತ್ತಲ ಹಳ್ಳಿಗಳಲ್ಲಿ ನೆಲೆಸಿ ಗಾಣ ಹಾಕಿದರು. ಶನಿವಾರ ಯಹೂದಿಗಳಿಗೆ ವಿಶ್ರಾಂತಿಯ ದಿನ, ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು.

ಅಂಕೋಲೇಕರ್ ಅಂದ ಕೂಡಲೇ ನಮಗೆ ಅಂಕೋಲಾ ನೆನಪಾಗುತ್ತದೆ, ಅಲ್ವಾ? ಇವರದೂ ಹಾಗೆಯೇ. ಪೇಣಿನವರು ಪೇಣ್‌ಕರ್, ರೋಹಾದವರು ರೋಹೇಕರ್, ಕಿಹೀಮಿನವರು ಕೆಹೀಮ್‌ಕರ್. ಪೋಲೆಂಡಿನ ಯಹೂದಿ ಕುಟುಂಬಗಳು ಪೂರ್ವಜರ ಊರಿನ ಹೆಸರೊಂದಕ್ಕಾಗಿ ವರ್ಷಗಟ್ಟಲೆ ಹುಡುಕುತ್ತವೆ. ಇವರಿಗೆ ಅದು ಹೆಸರಿನಲ್ಲೇ ಸಿಕ್ಕಿಬಿಡುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಾನೇ ಒಮ್ಮೆ ತಪ್ಪಿದ್ದೇನೆ. ಅಲಿಬಾಗಿನ ಉತ್ತರಕ್ಕೆ ನವಗಾಂವ್ ಇದೆ, ದಕ್ಷಿಣಕ್ಕೆ ನಾಗಾಂವ್ ಇದೆ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಎರಡರ ಕಾಗುಣಿತವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಒಂದು ಕಾಗದ ನೋಡಿ ನಾನು ನಾಗಾಂವ್ ಅಂದೆ. ಪಾಪ, ಆ ಕುಟುಂಬ ಅಷ್ಟು ದೂರದಿಂದ ಬಂದು ಬೇರೆ ಊರಿನ ಮಣ್ಣು ಮುಟ್ಟಿ ಹೋಯಿತು. ಆಮೇಲೆ ಅವರ ಮುತ್ತಜ್ಜನ ಸಮಾಧಿಯ ಫೋಟೊ ಸಿಕ್ಕಿತು. ಅದರ ಮೇಲೆ ಮರಾಠಿಯಲ್ಲಿ ‘ನವಗಾಂವಕರ್’ ಎಂದು ಸ್ಪಷ್ಟವಾಗಿತ್ತು. ಆ ದಿನದಿಂದ ಮರಾಠಿ ಬರಹ ಕಣ್ಣಾರೆ ಕಾಣದೆ ನಾನು ಊರು ಹೇಳುವುದಿಲ್ಲ.

ಹೀಗಾಗಿ ಸಮಾಧಿ ಕಲ್ಲೇ ನನಗೆ ಎಲ್ಲಕ್ಕಿಂತ ಮುಖ್ಯ. ಹಳೆಯ ಕಲ್ಲುಗಳಲ್ಲಿ ಹೀಬ್ರೂ, ಮರಾಠಿ ಎರಡೂ ಇರುತ್ತವೆ. ಹೀಬ್ರೂ ಸಾಲಿನಲ್ಲಿ ‘ಬೆನ್’ ಅಂದರೆ ಮಗ, ‘ಬತ್’ ಅಂದರೆ ಮಗಳು. ಮುಂದಿನ ಹೆಸರು ತಂದೆಯದು. ಅಲ್ಲಿಗೆ ಒಂದು ತಲೆಮಾರು ಹಿಂದೆ ಹೋದ ಹಾಗಾಯಿತು. ಯಹೂದಿ ವರ್ಷವನ್ನು ಹೀಬ್ರೂ ಅಕ್ಷರಗಳಲ್ಲಿ ಕೆತ್ತಿರುತ್ತಾರೆ, ಒಂದೊಂದು ಅಕ್ಷರಕ್ಕೂ ಒಂದು ಬೆಲೆ. ತಾವ್, ರೇಶ್, ಸಾಮೆಖ್, ದಾಲೆತ್ ಎಂಬ ನಾಲ್ಕು ಅಕ್ಷರ ಇವೆ ಅನ್ನಿ. ಅವುಗಳ ಬೆಲೆ 400, 200, 60, 4. ಕೂಡಿದರೆ 664. ಪೂರ್ತಿ ವರ್ಷ 5664, ಆದರೆ ಹಿಂದಿನ 5000ವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಈ 664ಕ್ಕೆ 1240 ಸೇರಿಸಿದರೆ ಇಂಗ್ಲಿಷ್ ವರ್ಷ 1904. ಆದರೆ ತಿಂಗಳನ್ನೂ ಓದಿ. ಯಹೂದಿ ವರ್ಷ ಶುರುವಾಗುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಮೊದಲ ತಿಂಗಳಾದ ತಿಶ್ರಿ ಎಂದಿದ್ದರೆ ಅದು 1903.

ಅಕ್ಷರ ಮಾಸಿದ್ದರೆ ಸುಮ್ನೆ ಸೀಮೆಸುಣ್ಣ ತಿಕ್ಕಬೇಡಿ, ದಯವಿಟ್ಟು. ಕಲ್ಲು ಇನ್ನಷ್ಟು ಸವೆಯುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ಬಿಸಿಲು ಇಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕೆತ್ತಿದ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ.

ಇನ್ನು ಹೆಸರುಗಳ ವಿಷಯ. ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಇರುತ್ತಿತ್ತು. ಸಾಮಾಜಿ ಹಸಾಜಿ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೈನ್ಯದಲ್ಲಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ, ಬಿಡುಗಡೆಯಾಗಿ ಊರಿಗೆ ಮರಳಿದರು ಎಂದು ಸಮುದಾಯ ಇಂದಿಗೂ ನೆನೆಯುತ್ತದೆ. 1796ರಲ್ಲಿ ಮುಂಬೈಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಕಟ್ಟಿಸಿದವರು ಅವರೇ. ಇಂಗ್ಲಿಷಿನಲ್ಲಿ ಅವರು ಸ್ಯಾಮ್ಯುಯೆಲ್ ಎಝೆಕಿಯೆಲ್. ಒಂದು ಹೆಸರಲ್ಲಿ ಮಾತ್ರ ಹುಡುಕಿದರೆ ಅರ್ಧ ಜೀವನ ಕೈಗೆ ಸಿಗುವುದೇ ಇಲ್ಲ. ಮುಂದೆ ಎಷ್ಟೋ ಮನೆಗಳವರು ‘ಕರ್’ ಬಿಟ್ಟು ತಂದೆಯ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡರು. ಕವಿ ನಿಸ್ಸೀಮ್ ಎಝೆಕಿಯೆಲ್ ಇದೇ ಸಮುದಾಯದವರು. ಆ ಹೆಸರಿನಲ್ಲಿ ಊರು ಕಾಣುವುದೇ ಇಲ್ಲ, ನೋಡಿ. ಇಂಥ ಕಡೆ ನಾನು ಅಜ್ಜಿಯ ತವರು ಕೇಳುತ್ತೇನೆ, ಸಿನಗಾಗಿನ ಮದುವೆ ಪುಸ್ತಕ ಕೇಳುತ್ತೇನೆ, ಅಜ್ಜ ಸೈನ್ಯದಲ್ಲಿದ್ದರೆ ಪಿಂಚಣಿ ಕಾಗದ ಕೇಳುತ್ತೇನೆ.

ಊರಿನ ಹೆಸರು ಸಿಕ್ಕಿತು ಅಂದರೆ ಮನೆ ಸಿಕ್ಕಿತು ಅಂತಲ್ಲ. ಒಂದೇ ಅಡ್ಡಹೆಸರಿನ ಹಿಂದೂ ಮನೆಗಳೂ ಅಲ್ಲಿರುತ್ತವೆ. ನೆಂಟಸ್ತಿಕೆಯೇ ಇಲ್ಲದ ಎರಡು ಯಹೂದಿ ಮನೆಗಳೂ ಇದ್ದಿರಬಹುದು. ಜಿಲ್ಲೆಯ ಹೆಸರೂ ಬದಲಾಗಿದೆ. ಹಳೆಯ ಕಾಗದದ ಕೊಲಾಬಾ 1981ರಿಂದ ರಾಯಗಡ. ಮುರುಡ್ ಕಡೆಯ ಹಳ್ಳಿಗಳು 1948ರವರೆಗೆ ಜಂಜೀರಾ ಸಂಸ್ಥಾನದಲ್ಲಿದ್ದವು. ಹಾಗಾಗಿ ಅವುಗಳ ಕಾಗದವನ್ನು ಬ್ರಿಟಿಷ್ ಜಿಲ್ಲೆಯ ಕಡತದಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಜಮೀನಿನ ಹಳೆಯ ದಾಖಲೆ ಮೋಡಿ ಲಿಪಿಯಲ್ಲಿರುತ್ತದೆ, ಅದು ಮರಾಠಿಯ ಹಳೆಯ ಕೂಡುಬರಹ. ಓದಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನನಗೆ ನಿಜವಾಗಿ ಆತಂಕ ಇರುವುದು ಇದರದೇ.

ಕಳೆದ ಬಾರಿ ಒಂದು ಹಳ್ಳಿಗೆ ಒಬ್ಬ ಯುವತಿಯ ಜೊತೆ ಹೋಗಿದ್ದೆ. ಅವಳು ಹುಟ್ಟಿದ್ದು ಬೆಳೆದದ್ದು ಎಲ್ಲ ಇಸ್ರೇಲಿನಲ್ಲೇ. ಇಲ್ಲಿ ಯಹೂದಿಗಳ ಮನೆ ಇತ್ತಾ ಎಂದು ಕಟ್ಟೆಯ ಮೇಲೆ ಕೂತವರನ್ನು ಕೇಳಿದಳು. ಎಲ್ಲರೂ ತಲೆ ಅಲ್ಲಾಡಿಸಿದರು. ನಾನು ಮರಾಠಿಯಲ್ಲಿ, ‘ಕಾಕಾ, ಶನಿವಾರ ತೇಲಿಗಳ ಮನೆ ಎಲ್ಲಿತ್ತು?’ ಅಂದೆ. ಒಬ್ಬ ಮುದುಕರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ತೆಂಗಿನ ತೋಟ ದಾಟಿ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿ ಮಣ್ಣಲ್ಲಿ ಅರ್ಧ ಹೂತ ಗಾಣದ ಕಲ್ಲು ಇತ್ತು. ‘ನಮ್ಮಪ್ಪ ಇಲ್ಲಿಂದಲೇ ಎಣ್ಣೆ ತರುತ್ತಿದ್ದ’ ಅಂದರು.