ವಲಸಿಗರ ಮಕ್ಕಳ ಸರ್ಕಾರಿ ಶಾಲೆ ಸುಧಾರಿಸಲು ಎಷ್ಟು ವರ್ಷ ಬೇಕು?

ಪ್ರಶ್ನೆ: ಬಡವರು, ವಲಸೆ ಬಂದವರ ಮಕ್ಕಳೇ ತುಂಬಿರುವ ಸರ್ಕಾರಿ ಶಾಲೆಗಳು ನಿಜವಾಗಿಯೂ ಸುಧಾರಿಸುತ್ತವಾ? ಎಷ್ಟು ಕಾಲ ಹಿಡಿಯುತ್ತದೆ?

ಸುಧಾರಿಸುತ್ತವೆ. ಆದರೆ ಒಬ್ಬ ಅಧಿಕಾರಿಯ ಅವಧಿಯಲ್ಲಿ ಮುಗಿಯುವ ಕೆಲಸವಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಯೂನಿಯನ್ ಸಿಟಿಯನ್ನೇ ನೋಡಿ. ಮ್ಯಾನ್‌ಹಟನ್ ಇರುವುದು ಹಡ್ಸನ್ ನದಿಯ ಒಂದು ದಡದಲ್ಲಾದರೆ, ಈ ಇಕ್ಕಟ್ಟಾದ ಪುಟ್ಟ ನಗರ ಇನ್ನೊಂದು ಕಡೆ. ಕ್ಯೂಬಾದಿಂದ, ಆಮೇಲೆ ಲ್ಯಾಟಿನ್ ಅಮೆರಿಕದ ಬೇರೆ ದೇಶಗಳಿಂದ ಬಂದವರೇ ಇಲ್ಲಿ ಜಾಸ್ತಿ. ಹೆಚ್ಚಿನ ಮಕ್ಕಳ ಮನೆಮಾತು ಸ್ಪ್ಯಾನಿಷ್. 1989ರ ಹೊತ್ತಿಗೆ ಶಾಲೆಗಳು ಎಷ್ಟು ಹದಗೆಟ್ಟಿದ್ದವೆಂದರೆ, ಆಡಳಿತವನ್ನೇ ಕಿತ್ತುಕೊಳ್ಳುತ್ತೇವೆ ಎಂದು ರಾಜ್ಯ ಸರ್ಕಾರ ಎಚ್ಚರಿಸಿತ್ತು.

ಆಗ ದ್ವಿಭಾಷಾ ಶಿಕ್ಷಣ ನೋಡಿಕೊಳ್ಳುತ್ತಿದ್ದ ಫ್ರೆಡ್ ಕ್ಯಾರಿಗ್ ಮುಂದೆ ಬಂದರು. ಅಲ್ಲಿನ ಶಿಕ್ಷಕರನ್ನೇ ಕೂರಿಸಿಕೊಂಡು ಪಠ್ಯಕ್ರಮವನ್ನು ಹೊಸದಾಗಿ ರೂಪಿಸಿದರು. ಎಲ್ಲಾ ತರಗತಿಗೂ ಒಟ್ಟಿಗೆ ಕೈ ಹಾಕಲಿಲ್ಲ. ಚಿಕ್ಕ ತರಗತಿಗಳಲ್ಲಿ ಶುರು ಮಾಡಿ ಮೇಲಕ್ಕೆ ಹೋದರು. ಬಿಟ್ಟ ಸ್ಥಳ ತುಂಬುವ ಅಭ್ಯಾಸ ಕಡಿಮೆಯಾಯಿತು, ಓದು ಬರಹ ಜಾಸ್ತಿಯಾಯಿತು. ಸ್ಪ್ಯಾನಿಷ್‌ನಲ್ಲಿ ಓದಲು ಕಲಿತ ಮಗು ಅದೇ ಬಲದಲ್ಲಿ ಇಂಗ್ಲಿಷ್‌ಗೆ ದಾಟುತ್ತದೆ ಎಂಬುದು ಅವರ ನಂಬಿಕೆ. ಮನೆಮಾತನ್ನು ತೊಡಕೆಂದು ನೋಡದೆ ಇದ್ದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಸುಮ್ನೆ ಛಲದಿಂದಲೇ ಆಯಿತು ಅನ್ನುವುದು ಸರಿಯಲ್ಲ. ದುಡ್ಡೂ ಬಂತು. ‘ಅಬಟ್’ ಮೊಕದ್ದಮೆಯಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1990ರಲ್ಲಿ ಯೂನಿಯನ್ ಸಿಟಿಯಂಥ ಬಡ ಶಾಲಾ ಜಿಲ್ಲೆಗಳ (ಅಲ್ಲಿ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕ) ಶಾಲೆಗಳಿಗೂ ಶ್ರೀಮಂತ ಉಪನಗರಗಳಷ್ಟೇ ಹಣ ಕೊಡಬೇಕೆಂದಿತು. 1998ರ ತೀರ್ಪಿನಿಂದ ಆ ಜಿಲ್ಲೆಗಳ 3 ಮತ್ತು 4 ವರ್ಷದ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣ ಸಿಕ್ಕಿತು. ತರಗತಿಗೆ 15 ಮಕ್ಕಳ ಮಿತಿ, ತರಬೇತಾದ ಶಿಕ್ಷಕರು, ಜೊತೆಗೊಬ್ಬ ಸಹಾಯಕರು.

ಹಾಗಾದರೆ ದುಡ್ಡು ಸುರಿದರೆ ಸಾಕಲ್ವಾ? ಪಕ್ಕದ ನ್ಯೂವಾರ್ಕ್‌ಗೆ 2010ರಲ್ಲಿ ಮಾರ್ಕ್ ಜುಕರ್‌ಬರ್ಗ್ 10 ಕೋಟಿ ಡಾಲರ್ ಘೋಷಿಸಿದರು. ಫಲವೇ ಇರಲಿಲ್ಲ ಎನ್ನಲಾಗದು. ಆದರೆ ಬದಲಾವಣೆ ಮೇಲಿನಿಂದ, ಅವಸರದಲ್ಲಿ ಬಂತು. ಪೋಷಕರನ್ನು ಕೇಳಿದ್ದು ಕಡಿಮೆ. ಪ್ರತಿಭಟನೆಗಳಾದವು. ಯೂನಿಯನ್ ಸಿಟಿಯಲ್ಲಿ ಹಣ ಬರುವ ಹೊತ್ತಿಗೆ ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಶಿಕ್ಷಕರಿಗೆ ಗೊತ್ತಿತ್ತು.

ಇನ್ನು ಎಷ್ಟು ವರ್ಷ ಎಂಬ ಪ್ರಶ್ನೆ. 1990ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಹೈಸ್ಕೂಲ್ ಮುಗಿಸುವುದು 2002ರಲ್ಲಿ. ಪೂರ್ತಿ ಲೆಕ್ಕ ಸಿಗಲು ಅಷ್ಟು ಕಾಯಬೇಕು. ನಡುವೆ ಪರೀಕ್ಷೆಯ ಸರಾಸರಿ ಅಂಕ ನೋಡಿ ತೀರ್ಪು ಕೊಡುವಾಗ ಒಂದು ಎಚ್ಚರ: ಇಂಥ ಶಾಲೆಗೆ ಪ್ರತಿ ವರ್ಷ ಇಂಗ್ಲಿಷ್ ಬಾರದ ಹೊಸ ಮಕ್ಕಳು ಬರುತ್ತಲೇ ಇರುತ್ತಾರೆ. ಅವರಿಂದ ಸರಾಸರಿ ಇಳಿಯಬಹುದು. ನಾಲ್ಕೈದು ವರ್ಷ ಅಲ್ಲೇ ಕಲಿತ ಮಕ್ಕಳ ಅಂಕವನ್ನು ಬೇರೆಯಾಗಿ ಕೇಳಿ.