ಗೆರೆ ದಾಟಿದ ನರ ವಾಪಸ್ ಯಾಕೆ ಬರಲ್ಲ?

ಬಲಗೈ ಆಡ್ಸೋದು ಎಡ ಮೆದುಳು ಅಂತ ಎಲ್ಲರಿಗೂ ಗೊತ್ತು, ಆದ್ರೆ ಹಂಗಾಗ್ಬೇಕಂದ್ರೆ ಗರ್ಭದಲ್ಲಿರುವಾಗ್ಲೇ ಲಕ್ಷಗಟ್ಟಲೆ ನರತಂತುಗಳು ನಡುಗೆರೆ (ದೇಹದ ಎಡ-ಬಲ ಭಾಗಗಳ ಮಧ್ಯದ ಗೆರೆ) ದಾಟಿ ಆಚೆ ಕಡೆ ಹೋಗ್ಬೇಕು, ಅದೂ ಒಂದೇ ಸಲ, ಹೋದ್ಮೇಲೆ ತಿರುಗಿ ಬರೋ ಹಾಗಿಲ್ಲ. ದಾರಿ ತೋರ್ಸೋರು ಯಾರು?

ಬೆಳೀತಿರೋ ತಂತುವಿನ ತುದೀಲಿ ಬೆರಳು ಚಾಚಿದ ಕೈ ಥರ ಒಂದು ಭಾಗ ಇರುತ್ತೆ, ಗ್ರೋತ್ ಕೋನ್ ಅಂತಾರೆ. ಸ್ಪೇನಿನ ನರವಿಜ್ಞಾನಿ ಕಹಾಲ್ 1890ರಲ್ಲಿ ಇದನ್ನ ವರ್ಣಿಸಿದ್ರು, ಆಮೇಲೆ ಇದು ಯಾವ್ದೋ ಕೆಮಿಕಲ್ ಜಾಡು ಹಿಡಿದು ಹೋಗುತ್ತೆ ಅಂತಾನೂ ಊಹಿಸಿದ್ರು, ಬರೀ ಸತ್ತ ಅಂಗಾಂಶದ ಸ್ಲೈಡ್ ನೋಡ್ಕೊಂಡು! ಆ ಕೆಮಿಕಲ್ ಕೈಗೆ ಸಿಗೋಕೆ ನೂರು ವರ್ಷ ಬೇಕಾಯ್ತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕ್ ಟೆಸ್ಸಿಯರ್-ಲವೀನ್ ತಂಡದೋರು ಸಾವಿರಾರು ಕೋಳಿ ಭ್ರೂಣಗಳ ಮೆದುಳಿಂದ ನೆಟ್ರಿನ್ ಅನ್ನೋ ಪ್ರೋಟೀನ್ ಬೇರೆ ಮಾಡಿದ್ರು. ಬೆನ್ನುಹುರಿಯ ನಡುಗೆರೆ ಹತ್ರ ಇರೋ ಕೋಶಗಳು ಇದನ್ನ ಬಿಡ್ತವೆ, ಗ್ರೋತ್ ಕೋನ್ ಮೇಲಿರೋ ಡಿಸಿಸಿ ಅನ್ನೋ ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯೋ ಪ್ರೋಟೀನ್) ಇದನ್ನ ಹಿಡಿಯುತ್ತೆ, ಯಾವ ಕಡೆ ಜಾಸ್ತಿ ಸಿಗುತ್ತೋ ಆ ಕಡೆ ಒಳಗೆ ಕೋಶಕ್ಕೆ ಆಕಾರ ಕೊಡೋ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಬೆಳೆದು ತುದಿ ಆಕಡೆಗೇ ತಿರುಗುತ್ತೆ.

ಸರಿ, ಅಷ್ಟು ಸೆಳೆತ ಇದ್ರೆ ಅಲ್ಲೇ ನಿಂತ್ಬಿಡ್ಬೇಕಿತ್ತಲ್ವಾ? ನನಗೆ ನೆಟ್ರಿನ್‌ಗಿಂತ ಈ ಪ್ರಶ್ನೇನೇ ಇಂಟರೆಸ್ಟಿಂಗ್ ಅನ್ಸೋದು. ಉತ್ತರ ಬಂದಿದ್ದು ಹಣ್ಣಿನ ನೊಣದಿಂದ. ಒಂದು ಜೀನ್ ಕೆಟ್ಟ ನೊಣಗಳಲ್ಲಿ ತಂತುಗಳು ಗೆರೆ ದಾಟೋದು, ವಾಪಸ್ ಬರೋದು, ಮತ್ತೆ ದಾಟೋದು, ಹಿಂಗೇ ಸುತ್ತಾಡ್ತಿದ್ವು, ಅದಕ್ಕೆ ಆ ಜೀನ್‌ಗೆ ರೌಂಡ್‌ಅಬೌಟ್ ಅಂತ ಹೆಸರಿಟ್ರು, ಶಾರ್ಟಾಗಿ ರೋಬೋ (ನೊಣದ ಲ್ಯಾಬಿನವರಿಗೆ ಹೆಸರಿಡೋದ್ರಲ್ಲಿ ಭಾರೀ ಖುಷಿ). ರೋಬೋ ಕೂಡ ಒಂದು ರಿಸೆಪ್ಟರೇ, ಆದ್ರೆ ಅದು ಹಿಡಿಯೋದು ಸ್ಲಿಟ್ ಅನ್ನೋ ಪ್ರೋಟೀನನ್ನ, ಇದೂ ನಡುಗೆರೆಯಿಂದ್ಲೇ ಬರೋದು, ಆದ್ರೆ ಇದರ ಕೆಲಸ ದೂರ ತಳ್ಳೋದು. ದಾಟೋ ತನಕ ತಂತು ಒಳಗೆ ಕಾಮ್ ಅನ್ನೋ ಇನ್ನೊಂದು ಪ್ರೋಟೀನ್ ರೋಬೋನ ಮೇಲ್ಮೈಗೆ ಬರೋಕೇ ಬಿಡಲ್ಲ, ಹಂಗಾಗಿ ಸ್ಲಿಟ್ ಇದ್ರೂ ತಂತುಗೆ ಅಷ್ಟಾಗಿ ಗೊತ್ತಾಗಲ್ಲ. ದಾಟಿದ ಮೇಲೆ ಕಾಮ್ ನಿಲ್ಲುತ್ತೆ, ರೋಬೋ ಮೇಲೆ ಬರುತ್ತೆ, ಅಲ್ಲಿಗೆ ವಾಪಸ್ ದಾರಿ ಬಂದ್.

ಸ್ಲಿಟ್ ಬರೀ ತಂತುಗಳಿಗಷ್ಟೇ ಅಲ್ಲ, ಇಲಿ ಮೆದುಳಲ್ಲಿ ಹೊಸದಾಗಿ ಹುಟ್ಟಿದ ನರಕೋಶಗಳು ವಾಸನೆ ಗ್ರಹಿಸೋ ಭಾಗದ ಕಡೆ ನಡ್ಕೊಂಡು ಹೋಗೋದಕ್ಕೂ ಬೇಕು.

ಮನುಷ್ಯರಲ್ಲಿ ಡಿಸಿಸಿ ಜೀನ್ ಕೆಟ್ರೆ ಕೆಲವರಿಗೆ ಒಂದು ಕೈಲಿ ಏನು ಮಾಡಿದ್ರೂ ಇನ್ನೊಂದು ಕೈಯೂ ತಾನಾಗೇ ಅದನ್ನೇ ಮಾಡುತ್ತೆ, 2010ರಲ್ಲಿ ಇದು ಗೊತ್ತಾಯ್ತು. ರೋಬೋ ಕುಟುಂಬದ್ದೇ ಆದ್ರೂ ನಮ್ಮಲ್ಲಿ ತಂತು ದಾಟಿಸೋಕೇ ಬೇಕಾದ ರೋಬೋ3 ಅನ್ನೋ ಜೀನ್ ಕೆಟ್ಟವರಿಗೆ ಬೆನ್ನುಮೂಳೆ ಸೊಟ್ಟಗಾಗುತ್ತೆ, ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಹೊರಳಲ್ಲ, ಪಕ್ಕದಲ್ಲಿರೋರನ್ನ ನೋಡ್ಬೇಕಂದ್ರೂ ತಲೇನೇ ತಿರುಗಿಸ್ಬೇಕು.