ಕಂಪನಿ ಮೇಲ್ ಶಿಫ್ಟ್ ಮಾಡೋವಾಗ ಮಧ್ಯದಲ್ಲಿ ಬಂದ ಮೇಲ್ ಎಲ್ಲಿಗೆ ಹೋಗುತ್ತೆ?

ಓದುಗರ ಪ್ರಶ್ನೆ: ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಕಂಪನಿ, ಮೂವತ್ತು ಮೇಲ್ ಐಡಿ ಇವೆ. ವೆಬ್‌ಸೈಟ್ ಇರೋ ಸಿಪ್ಯಾನೆಲ್ (ಹೋಸ್ಟಿಂಗ್ ನೋಡ್ಕೊಳ್ಳೋ ಕಂಟ್ರೋಲ್ ಪ್ಯಾನೆಲ್) ಹೋಸ್ಟಿಂಗಲ್ಲೇ ಮೇಲೂ ಇದೆ. ಈಗ ಗೂಗಲ್ ವರ್ಕ್‌ಸ್ಪೇಸ್‌ಗೆ ಹೋಗೋಣ ಅಂತಿದೀವಿ. ಆ ಬದಲಾವಣೆ ಟೈಮಲ್ಲಿ ಕಸ್ಟಮರ್ ಕಳ್ಸಿದ ಪರ್ಚೇಸ್ ಆರ್ಡರ್ ಕಳೆದುಹೋದ್ರೆ ಏನ್ ಗತಿ?

ಕಳೆದುಹೋಗೋದು ತುಂಬಾ ಕಮ್ಮಿ ಸ್ವಾಮಿ. ಹಳೇ ಡಬ್ಬಕ್ಕೆ ಹೋಗಿ ಕೂತಿರುತ್ತೆ, ಅದನ್ನ ಯಾರೂ ತೆಗೆದು ನೋಡಿರಲ್ಲ, ಅಷ್ಟೇ ನಡೆಯೋದು.

ನಿಮ್ಮ ಡೊಮೇನ್‌ಗೆ ಬರೋ ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅಂತ ಹೇಳೋದು ಡಿಎನ್‌ಎಸ್‌ನಲ್ಲಿರೋ, ಅಂದ್ರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿರೋ, ಎಂಎಕ್ಸ್ ರೆಕಾರ್ಡ್. ಅದನ್ನ ಬದಲಾಯಿಸಿದ ತಕ್ಷಣ ಇಡೀ ಪ್ರಪಂಚಕ್ಕೆ ಗೊತ್ತಾಗಲ್ಲ, ಯಾಕಂದ್ರೆ ಆ ರೆಕಾರ್ಡ್‌ಗೆ ಟಿಟಿಎಲ್ ಅಂತ ಒಂದು ಟೈಮ್ ಇರುತ್ತೆ, ಅಷ್ಟು ಸೆಕೆಂಡ್ ತನಕ ಎಲ್ಲರೂ ಹಳೇ ಉತ್ತರಾನೇ ನೆನಪಲ್ಲಿ ಇಟ್ಕೊಂಡಿರ್ತಾರೆ. ನಿಮ್ದು 86400 ಇದ್ರೆ ಒಂದು ಪೂರ್ತಿ ದಿನ ಕೆಲವು ಮೇಲ್ ಹಳೇ ಕಡೆ, ಕೆಲವು ಹೊಸ ಕಡೆ. ಅದಕ್ಕೇ ಎರಡು ದಿನ ಮುಂಚೆನೇ ಅದನ್ನ 300ಕ್ಕೆ ಇಳಿಸಿ ಇಡಿ, ಆಗ ಬದಲಾಯಿಸೋ ದಿನ ಈ ಗೊಂದಲ ಹೆಚ್ಚುಕಮ್ಮಿ ಐದೇ ನಿಮಿಷದ್ದು. ಬದಲಾಯಿಸೋ ದಿನಾನೇ ಇಳಿಸಿದ್ರೆ ಏನೂ ಉಪಯೋಗ ಇಲ್ಲ, ಹಳೇ 86400 ಆಗ್ಲೇ ಎಲ್ಲಾ ಕಡೆ ಹೋಗಿ ಕೂತಿರುತ್ತೆ. ಇನ್ನೊಂದು, ಬರೀ ಎಂಎಕ್ಸ್ ಮುಟ್ಟಿ, ನಿಮ್ಮ ಎಲ್ಲಾ ಡಿಎನ್‌ಎಸ್ ರೆಕಾರ್ಡ್ ಇಟ್ಕೊಂಡಿರೋ ನೇಮ್‌ಸರ್ವರ್ ಮುಟ್ಬೇಡಿ. ಅದನ್ನ ಮುಟ್ಟಿ ಬಾಕಿ ರೆಕಾರ್ಡ್ ಕಾಪಿ ಮಾಡೋದು ಮರೆತ್ರೆ ವೆಬ್‌ಸೈಟೂ ಮಲ್ಕೊಳ್ಳುತ್ತೆ.

ಈಗ ಸಿಪ್ಯಾನೆಲ್ ತರದ ಹೋಸ್ಟಿಂಗಲ್ಲಿ ಇರೋರಿಗೆ ಕಾಡೋ ಒಂದು ವಿಷಯ, ಇಲ್ಲೇ ಜನ ಜಾಸ್ತಿ ಬೀಳೋದು. ಎಂಎಕ್ಸ್ ಗೂಗಲ್‌ಗೆ ತಿರುಗ್ಸಿದ್ರಿ, ಹೊರಗಿಂದ ಬರೋ ಮೇಲೆಲ್ಲಾ ಸರಿಯಾಗಿ ಬರ್ತಿದೆ, ಖುಷಿ. ಆದ್ರೆ ನಿಮ್ಮದೇ ವೆಬ್‌ಸೈಟಿನ ಎನ್‌ಕ್ವೈರಿ ಫಾರ್ಮ್‌ನಿಂದ ಒಂದು ಮೇಲೂ ಬರ್ತಿಲ್ಲ. ಯಾಕೆ? ಆ ಹಳೇ ಸರ್ವರ್ ಇನ್ನೂ "ಈ ಡೊಮೇನ್ ನಂದೇ" ಅಂದ್ಕೊಂಡಿರುತ್ತೆ, ಎಂಎಕ್ಸ್ ಕಡೆ ತಿರುಗೀನೂ ನೋಡಲ್ಲ, ಸೀದಾ ತನ್ನ ಹಳೇ ಮೇಲ್‌ಬಾಕ್ಸ್‌ಗೆ ಹಾಕ್ಬಿಡುತ್ತೆ, ಎರರ್ ಕೂಡ ಬರಲ್ಲ. ಅದೇ ಶೇರ್ಡ್ ಸರ್ವರಲ್ಲಿ ನಿಮ್ಮ ಕಸ್ಟಮರ್ ಒಬ್ಬರ ಡೊಮೇನೂ ಇದ್ರೆ ಅವರು ನಿಮ್ಗೆ ಕಳ್ಸೋ ಮೇಲ್‌ಗೂ ಇದೇ ಕಥೆ. ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ಅಂತ ಇರುತ್ತೆ ನೋಡಿ, ಅಲ್ಲಿ ಲೋಕಲ್ ಅಂತಿರೋದನ್ನ ರಿಮೋಟ್ ಮಾಡಿ. ಮಾಡಿ ಆದ್ಮೇಲೆ ಫಾರ್ಮ್ ತುಂಬಿ ಒಂದು ಟೆಸ್ಟ್ ಕಳ್ಸಿ ನೋಡಿ, ನಿಮ್ಮ ಜಿಮೇಲ್‌ನಿಂದ ಕಳ್ಸಿ ಬಂತು ಅಂತ ಸಮಾಧಾನ ಪಟ್ಕೊಂಡ್ರೆ ಈ ತೊಂದ್ರೆ ಗೊತ್ತೇ ಆಗಲ್ಲ.

ಸರ್ವರೇ ಆಫ್ ಆಗಿದ್ರೆ? ಅದಕ್ಕೆ ಭಯ ಬೇಡ. ಕಳಿಸೋ ಕಡೆ ಸರ್ವರ್‌ಗೆ ಉತ್ತರ ಸಿಗದಿದ್ರೆ ಮೇಲ್ ಕ್ಯೂನಲ್ಲಿಟ್ಟು ಮತ್ತೆ ಮತ್ತೆ ಟ್ರೈ ಮಾಡುತ್ತೆ, ಮೇಲ್ ಕಳಿಸೋಕೆ ಇರೋ ಎಸ್‌ಎಂಟಿಪಿ ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಸಾಮಾನ್ಯವಾಗಿ 4-5 ದಿನ ಆದ್ರೂ ಪ್ರಯತ್ನಿಸ್ಬೇಕು. ನಿಜವಾದ ಅಪಾಯ ಅಂದ್ರೆ ಸರ್ವರ್ ನಡೀತಿರೋವಾಗ ಅವಸರಕ್ಕೆ ಹಳೇ ಮೇಲ್‌ಬಾಕ್ಸ್ ಡಿಲೀಟ್ ಮಾಡೋದು. ಆಗ "ಈ ಹೆಸರಿನವರು ಇಲ್ಲಿಲ್ಲ" ಅಂತ 550 ಎರರ್ ಹೋಗುತ್ತೆ, ಕಸ್ಟಮರ್‌ಗೆ ಆಗಿಂದಾಗ್ಲೇ ಬೌನ್ಸ್. ಅವರು ನಿಮ್ಮ ಕಂಪನಿ ಮುಚ್ಚೋಯ್ತಾ ಅಂದ್ಕೊಂಡ್ರೂ ಅಂದ್ಕೊಂಡ್ರೇ.

ಹಳೇ ಮೇಲ್‌ಗಳ ವಿಷಯಕ್ಕೆ ಬರೋಣ, ನನ್ನ ಕೇಳಿದ್ರೆ ನಿಮ್ಮ ಭಯ ಇಲ್ಲಿ ಇರ್ಬೇಕಿತ್ತು. ಸರ್ವರಲ್ಲಿ ಇರೋದನ್ನ ಐಮ್ಯಾಪ್ (ಮೇಲನ್ನ ಸರ್ವರಲ್ಲೇ ಇಟ್ಟು ಓದೋ ವಿಧಾನ) ಬಳಸೋ ಐಮ್ಯಾಪ್‌ಸಿಂಕ್ ತರದ ಟೂಲ್‌ನಿಂದ ತರಬಹುದು, ಎಷ್ಟು ಸಲ ಓಡಿಸಿದ್ರೂ ಸಾಮಾನ್ಯವಾಗಿ ಡಬಲ್ ಆಗಲ್ಲ, ಹಾಗಾಗಿ ವಾರ ಮುಂಚೆನೇ ಶುರು ಮಾಡಿ, ಎಂಎಕ್ಸ್ ಬದಲಾದ ಮೇಲೆ ಕೊನೇ ಸಲ ಓಡಿಸಿದ್ರೆ ಮಧ್ಯದಲ್ಲಿ ಹಳೇ ಕಡೆ ಬಿದ್ದ ಮೇಲೂ ಬಂದ್ಬಿಡುತ್ತೆ, ನಿಮ್ಮ ಪರ್ಚೇಸ್ ಆರ್ಡರ್ ಸೇರಿ. ಆದ್ರೆ ವರ್ಕ್‌ಸ್ಪೇಸ್‌ಗೆ ಐಮ್ಯಾಪ್ ದಾರೀಲಿ ಅಕೌಂಟ್‌ಗೆ ದಿನಕ್ಕೆ 500 ಎಂಬಿ ಅಷ್ಟೇ ಅಪ್‌ಲೋಡ್. 20 ಜಿಬಿ ಇಟ್ಕೊಂಡಿರೋ ಮಾರ್ಕೆಟಿಂಗ್ ಮ್ಯಾನೇಜರ್‌ಗೆ ಲೆಕ್ಕ ಹಾಕಿ, 40 ದಿನ! ಅಂಥವರಿಗೆ ಗೂಗಲ್ ಕೊಡೋ ಮೈಗ್ರೇಶನ್ ಟೂಲೇ ನೋಡೋದು ವಾಸಿ. ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಐಮ್ಯಾಪ್‌ನಲ್ಲಿ ಬರಲ್ಲ, ಬೇರೆ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ. ಇನ್ನು ಅಕೌಂಟ್ಸ್ ಸೆಕ್ಷನ್ನಲ್ಲಿ ಒಬ್ಬರಾದ್ರೂ ಪಾಪ್ ಸೆಟ್ಟಿಂಗಲ್ಲಿ ಔಟ್‌ಲುಕ್ ಹಾಕ್ಕೊಂಡು, ವರ್ಷಾನುಗಟ್ಲೆ ಮೇಲೆಲ್ಲಾ ಸರ್ವರಿಂದ ಇಳಿಸಿ ಒಂದೇ ಕಂಪ್ಯೂಟರಿನ ಪಿಎಸ್‌ಟಿ ಫೈಲಲ್ಲಿ ಇಟ್ಕೊಂಡಿರ್ತಾರೆ, ಸರ್ವರಲ್ಲಿ ಏನೂ ಇರಲ್ಲ, ಯಾವ ಟೂಲ್ ಓಡಿಸಿದ್ರೂ ಖಾಲಿ. ಶಿಫ್ಟ್‌ಗೆ ಮುಂಚೆ ಒಂದೊಂದು ಸಿಸ್ಟಮ್ ಹತ್ರಾನೂ ಹೋಗಿ ಕೂತು ನೋಡ್ಬೇಕು, ಬೇರೆ ದಾರಿ ಇಲ್ಲ.

ಹೊರಗೆ ಹೋಗೋ ಮೇಲ್‌ಗೆ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸ್ಬಹುದು ಅನ್ನೋ ಪಟ್ಟಿ), ಡಿಕಿಮ್ (ಮೇಲ್ ನಿಮ್ದೇ ಅಂತ ತೋರ್ಸೋ ಡಿಜಿಟಲ್ ಸಹಿ) ಎರಡೂ ಡಿಎನ್‌ಎಸ್‌ನಲ್ಲಿ ಹಾಕಿ. ಹಳೇ ಎಸ್‌ಪಿಎಫ್ ಪಕ್ಕದಲ್ಲೇ ಹೊಸದೊಂದು ಸೇರಿಸ್ಬೇಡಿ, ಒಂದು ಡೊಮೇನ್‌ಗೆ ಒಂದೇ ಇರ್ಬೇಕು, ಎರಡಿದ್ರೆ ಎರಡೂ ಫೇಲ್. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿ ಆಗಿದೆ, ಇನ್‌ವಾಯ್ಸ್ ಸ್ಪ್ಯಾಮ್‌ಗೆ ಹೋದ್ರೆ ದುಡ್ಡು ತಡ ಆಗೋದು ನಿಮ್ಗೇ. ಟ್ಯಾಲಿಯಿಂದ ಬಿಲ್ ಮೇಲ್ ಮಾಡ್ತೀರಾ, ಜೆರಾಕ್ಸ್ ಮಷೀನ್ ಸ್ಕ್ಯಾನ್ ಮಾಡಿ ಮೇಲ್ ಕಳ್ಸುತ್ತಾ? ಅವುಗಳಲ್ಲಿ ಹಳೇ ಸರ್ವರ್ ಹೆಸರು ಇರುತ್ತೆ, ಬದಲಾಯಿಸಿ. ಗೂಗಲ್‌ನಲ್ಲಿ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಇಂಥವಕ್ಕೆ ಅಂತಲೇ ಬೇರೆ ಕೊಡೋ ಆಪ್ ಪಾಸ್‌ವರ್ಡ್ ತಗೋಬೇಕು.

ಡೊಮೇನ್ ಕೊಂಡ ಅಕೌಂಟಿನ ಲಾಗಿನ್ ಯಾವ ಮೇಲ್ ಐಡಿದು ಅಂತ ಇವತ್ತೇ ನೋಡಿ. ಅದೇ ಡೊಮೇನಿನ ಐಡಿ ಆಗಿದ್ರೆ, ಮೇಲ್ ನಿಂತ ದಿನ ಸರಿ ಮಾಡೋಕೆ ಬೇಕಾದ ಒಟಿಪಿ ಆ ನಿಂತ ಮೇಲ್‌ಬಾಕ್ಸ್‌ಗೇ ಹೋಗುತ್ತೆ. ಜಿಎಸ್‌ಟಿ ಪೋರ್ಟಲ್‌ಗೂ ಅದೇ ಐಡಿ ಕೊಟ್ಟಿದ್ರೆ ರಿಟರ್ನ್ ಹಾಕೋ ವಾರ ಬಿಟ್ಟು, ಶನಿವಾರ ಸಂಜೆ ಬದಲಾಯಿಸಿ. ಹಳೇ ಮೇಲ್‌ಬಾಕ್ಸ್‌ಗಳನ್ನ ಒಂದು ತಿಂಗಳಾದ್ರೂ ಹಾಗೇ ಬಿಡಿ, ವೆಬ್‌ಸೈಟ್ ಅಲ್ಲೇ ಇರೋದ್ರಿಂದ ಹೆಂಗೂ ಹೋಸ್ಟಿಂಗ್ ದುಡ್ಡು ಕಟ್ತಾನೇ ಇರ್ತೀರಲ್ಲ.